ನಾಲ್ಕು ಬೆರಳು ಮೇಲೆ

ಬಿಳಿ ಹೊದಿಕೆಯ ಎರಡು ತುದಿ ಅವಳ ಕೈಯಲ್ಲಿ, ಇನ್ನೆರಡು ನರ್ಸಿನ ಕೈಯಲ್ಲಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅದು ಆ ದಿನದ ನಲವತ್ತನೆಯ ಹೊದಿಕೆ. ಮಡಿಸಲೆಂದು ಹೆಜ್ಜೆ ಮುಂದಿಟ್ಟವಳು "ಅಮ್ಮಾ" ಎಂದು ಮಂಡಿ ಹಿಡಿದು ನಿಂತಳು.

"ಮತ್ತೆ ಮಂಡಿನಾ ಅಕ್ಕ?"

"ಹೂಂ ಸಿಸ್ಟರ್. ಸೈಕಲ್ ತುಳಿದೇ ಹೀಗಾಯ್ತು ಅಂತಾರೆ ಮನೆಯವರು. ಅದನ್ನ ನಾದಿನಿ ಮಗಳಿಗೆ ಕೊಟ್ಟುಬಿಡ್ತಾರಂತೆ. ನಾನಿನ್ನು ಅವರ ಸ್ಕೂಟರ್ ಹಿಂದೆ ಕೂತು ಬರಬೇಕಂತೆ."

ಹೇಳುವಾಗ ಅವಳ ದನಿ ಕುಗ್ಗಿತು. ಮನೆಯಿಂದ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ. ಅಲ್ಲಿ ಹೆಂಡತಿ, ಸೊಸೆ, ಅಮ್ಮ, ಇಲ್ಲಿ ಬಟ್ಟೆಯಮ್ಮ. ನಡುವಿನ ಆ ಇಪ್ಪತ್ತೈದು ನಿಮಿಷ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ನರ್ಸು ರಜೆ ಸಿಕ್ಕರೆ ಸೈಕಲ್ ಹತ್ತಿ ಊರೂರು ಸುತ್ತುವವಳು. ಮೊದಲು ಅವಳನ್ನು ಡಾಕ್ಟರಿಗೆ ತೋರಿಸಿದಳು. ಮಂಡಿ ಸವೆದಿಲ್ಲ ಎಂದರು ಅವರು. ಆಮೇಲೆ ಸೈಕಲ್ ನೋಡಲು ಬಂದವಳು ನಕ್ಕೇಬಿಟ್ಟಳು.

"ಇದೇನಕ್ಕ, ಸೀಟು ಇಷ್ಟು ಕೆಳಗೆ! ಕಪ್ಪೆ ಹಾಗೆ ಮಂಡಿ ಮಡಚಿ ತುಳಿದ್ರೆ ನೋಯದೆ ಇರುತ್ತಾ?"

"ಕಲಿಯುವಾಗ ಬೀಳಬಾರದು ಅಂತ ಇವರೇ ಇಳಿಸಿಕೊಟ್ಟಿದ್ರು."

"ಯಾವಾಗ?"

"ಹನ್ನೆರಡು ವರ್ಷ ಆಯ್ತು."

"ಇನ್ನೂ ಕಲಿತು ಮುಗಿದಿಲ್ವಾ?" ನರ್ಸು ಸೀಟನ್ನು ನಾಲ್ಕು ಬೆರಳು ಮೇಲೆತ್ತಿದಳು. "ಹಿಮ್ಮಡಿ ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಇದೇ ಅಳತೆ. ತುಳಿಯೋದು ಮಾತ್ರ ಮುಂಗಾಲಿಂದ."

"ಅಯ್ಯೋ, ನೆಲ ಸಿಗ್ತಿಲ್ಲ!"

"ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಜಾರಿ ಇಳೀರಿ. ನೆಲ ಎಲ್ಲಿಗೂ ಓಡಿಹೋಗಲ್ಲ. ಇನ್ನೆರಡು ತಿಂಗಳಿಗೆ ಆಸ್ಪತ್ರೆಯವರ ಸೈಕಲ್ ಸವಾರಿ ಇದೆ, ಎಂಬತ್ತು ಕಿಲೋಮೀಟರ್. ನೀವೂ ಬನ್ನಿ. ಸುಸ್ತಾದವರನ್ನ ಹತ್ತಿಸಿಕೊಳ್ಳೋಕೆ ಹಿಂದೆ ವ್ಯಾನ್ ಬರುತ್ತೆ."

ಮನೆಯಲ್ಲಿ ಹೇಳಿದಾಗ ಅತ್ತೆ ಅಕ್ಕಿ ಆರಿಸುತ್ತಲೇ ಅಂದರು: "ಅಂಗಳ ಹಾರಲಾರದವಳು ಗಗನ ಹಾರಿಯಾಳೇ?"

ಗಂಡ ನಗಲಿಲ್ಲ. "ಪೂರ್ತಿ ಮುಗಿಸಿ ಬಾ, ಸೈಕಲ್ ನಿನ್ನದೇ. ನಡುದಾರೀಲಿ ವ್ಯಾನ್ ಹತ್ತಿದ್ರೆ ಆಮೇಲೆ ಮಾತಾಡಬಾರದು."

ಮೊದಲ ಭಾನುವಾರ ಹತ್ತು ಕಿಲೋಮೀಟರ್. ಮುಂದಿನದು ಹದಿನೈದು, ಆಮೇಲೆ ಇಪ್ಪತ್ತು. ಮಾರನೆಯ ದಿನ ಕೆಲಸಕ್ಕೆ ಹೋಗಿಬರುವಷ್ಟೇ, ಕಾಲಿಗೆ ಬಿಡುವು. "ಪಕ್ಕದವರ ಜೊತೆ ಮಾತಾಡೋಕೆ ಆಗೋಷ್ಟೇ ವೇಗ ಸಾಕು" ಎನ್ನುತ್ತಿದ್ದಳು ನರ್ಸು. ತಿಂಗಳಾಗುವಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಂಡಿಯ ನೆನಪೇ ಬರಲಿಲ್ಲ. ದಿಂಬಿಗೆ ತಲೆ ಕೊಟ್ಟರೆ ನಿದ್ದೆ.

ಸವಾರಿಯ ದಿನ ಐವತ್ತು ಕಿಲೋಮೀಟರ್ ದಾಟಿದಾಗ ಮಂಡಿ ಸುಮ್ಮನಿತ್ತು, ತಲೆ ಸುತ್ತಿತು. ಇಳಿದು ಮರದ ನೆರಳಲ್ಲಿ ಕುಳಿತಳು. ವ್ಯಾನು ಪಕ್ಕಕ್ಕೇ ಬಂದು ನಿಂತಿತು.

"ಸಾಕು, ಹತ್ತಮ್ಮ" ಎಂದ ಡ್ರೈವರ್.

ನರ್ಸು ಅವಳ ಬಾಟಲಿ ಎತ್ತಿ ನೋಡಿದಳು. ತುಂಬಿದ್ದು ತುಂಬಿದ ಹಾಗೇ ಇತ್ತು. "ಒಂದು ಗುಟುಕೂ ಕುಡಿದಿಲ್ವಲ್ಲಕ್ಕ!"

"ದಾರೀಲಿ ಎಲ್ಲಿ ಹೋಗೋದು ಸಿಸ್ಟರ್, ಅಂತ..." ಶಾಲೆಗೆ ಹೋಗುವ ಕಾಲದಿಂದಲೂ ಹೊರಗೆ ಹೊರಟರೆ ನೀರು ಮುಟ್ಟದಿರುವುದೇ ಅವಳ ಅಭ್ಯಾಸ. ಆಸ್ಪತ್ರೆಯಲ್ಲೂ ಅಷ್ಟೇ. ಒಗೆಯುವ ಕೋಣೆಯ ಪಕ್ಕದ ಶೌಚಾಲಯಕ್ಕೆ ಬೀಗ, ಬೀಗದಕೈ ಮೇಲ್ವಿಚಾರಕರ ಮೇಜಿನ ಡ್ರಾಯರಿನಲ್ಲಿ. ಕೇಳಲು ನಾಚಿಕೆ. ಊಟದ ಜೊತೆ ಒಂದು ಲೋಟ ನೀರು, ಅಷ್ಟರಲ್ಲೇ ದಿನ ಕಳೆಯುತ್ತಿತ್ತು.

"ಹದಿನೈದು ಕಿಲೋಮೀಟರಿಗೊಂದು ಶಾಲೆಯ ಶೌಚಾಲಯ ತೆಗೆಸಿಟ್ಟಿದ್ದೀವಿ. ಬಾಯಿಬಿಟ್ಟು ಕೇಳಿದ್ರೆ ತಾನೇ ಹೇಳೋದು?" ನರ್ಸು ನಾಡಿ ಹಿಡಿದು ನೋಡಿದಳು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಬಾಳೆಹಣ್ಣು ತಿನ್ನಿಸಿದಳು. "ಅರ್ಧ ಗಂಟೆ ಕೂತ್ಕೊಳ್ಳಿ. ಆಗಲೂ ಸುತ್ತಿದ್ರೆ ವ್ಯಾನ್ ಹತ್ತಲೇಬೇಕು. ಸೈಕಲ್ಲಿಗಿಂತ ಜೀವ ದೊಡ್ಡದು."

ಅರ್ಧ ಗಂಟೆಗೆ ತಲೆ ತಿಳಿಯಾಯಿತು. ಎದ್ದವಳು, ಜೀವನದಲ್ಲಿ ಮೊದಲ ಸಲ ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದ ಹೆಂಗಸನ್ನು ಕೇಳಿದಳು: "ಇಲ್ಲಿ ಶೌಚಾಲಯ ಎಲ್ಲಿದೆ?" ಆಕೆ ಶಾಲೆಯತ್ತ ಕೈ ತೋರಿಸಿ ತನ್ನ ಕೆಲಸಕ್ಕೆ ಹೋದಳು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಎಲ್ಲರಿಗಿಂತ ಕೊನೆಗೆ, ತುಳಿದುಕೊಂಡೇ ಬಂದಳು. ಗಂಡ ಸ್ಕೂಟರಿನ ಪಕ್ಕ ಕಾಯುತ್ತಿದ್ದ.

"ಮಂಡಿ?"

"ಇದ್ದಲ್ಲೇ ಇದೆ ರೀ."

ಅವನಿಗೂ ನಗು ಬಂತು. ಸಂಜೆ ಅವನೇ ಚೈನಿಗೆ ಎಣ್ಣೆ ಬಿಟ್ಟ. ಸೀಟಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ, ಇಳಿಸಲಿಲ್ಲ. ಒಳಗಿನಿಂದ ಅತ್ತೆಯ ದನಿ: "ನಂಗೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು ಕಣೇ, ನಿನ್ನ ಹಿಂದೆ ಜಾಗ ಇದೆಯಾ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೂಲೆಯಲ್ಲಿರುವ ನಿಮ್ಮ ಸೈಕಲ್ಲನ್ನೂ ಇವತ್ತೇ ಹೊರಗೆ ತೆಗೆಯಿರಿ. ನೋವಿದ್ದರೆ ಮೊದಲು ಡಾಕ್ಟರನ್ನು ಕಾಣಿ. ಸೀಟಿನ ಎತ್ತರ ನೋಡಿ. ವಾರವಾರವೂ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಒಂದು ದೂರದ ದಾರಿ ಮುಗಿಸಿ ಬಂದರೆ ಗಟ್ಟಿಯಾಗುವುದು ಕಾಲಷ್ಟೇ ಅಲ್ಲ. ನಿಮ್ಮ ಮೈ ಏನು ಕೇಳುತ್ತಿದೆ ಎಂಬುದೂ ನಿಮಗೆ ತಿಳಿಯುತ್ತದೆ.

ಸೋಮವಾರ ಅವಳು ಬಟ್ಟೆಯ ಕೋಣೆಯಲ್ಲಿ ಎಂದಿನಂತೆ ಹೊದಿಕೆ ಮಡಿಸಿದಳು. ಹನ್ನೊಂದಕ್ಕೆಲ್ಲ ಬಾಟಲಿ ಖಾಲಿಯಾಗಿತ್ತು. ಮೇಲ್ವಿಚಾರಕರ ಕೋಣೆಯ ಬಾಗಿಲು ತೆರೆದಿತ್ತು. ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿ ರಾಶಿಯ ಮೇಲಿಟ್ಟಳು. ಬೀಗದಕೈ ಕೇಳಲು ಆ ಬಾಗಿಲಿನ ಕಡೆ ಹೊರಟಳು.