ಹುಳದ ಮನೆಯ ನಾಲ್ಕು ಬಲ್ಬು

ನಮ್ಮ ಯಜಮಾನರು ಮಹೇಂದ್ರ ಅವರಿಗೆ ಇದ್ದದ್ದು ಒಂದೇ ಆಸೆ. ಅವರು ಕೆಲಸ ಮಾಡುವ ಬಿಡದಿಯ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಒಂದು ಬೋರ್ಡಿದೆ. ತಿಂಗಳಿಗೊಬ್ಬ ಒಳ್ಳೆಯ ಕೆಲಸಗಾರನ ಫೋಟೋ ಅದರ ಮೇಲೆ ಬರುತ್ತದೆ. ಏಳು ವರ್ಷದಿಂದ ಇವರು ಆ ಬೋರ್ಡಿನ ಕೆಳಗೇ ಕೂತು ಉಣ್ಣುತ್ತಿದ್ದರು. ತೋಟದ ಮಾಲಿಯ ಫೋಟೋ ಎರಡು ಸಲ ಬಂದುಹೋಯಿತು, ಇವರದು ಬರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಫ್ಯಾಕ್ಟರಿಯವರು ಒಂದು ಸ್ಪರ್ಧೆ ಇಟ್ಟರು. ಮನೆಯಲ್ಲಿ ಕರೆಂಟು ಉಳಿಸಿ ತೋರಿಸಬೇಕು. ಚೆನ್ನಾಗಿ ಉಳಿಸಿದ ಮನೆಯ ಫೋಟೋ ಜನವರಿಯ ಬೋರ್ಡಿಗೆ. ಅವತ್ತು ಸಂಜೆ ಇವರು ನಮ್ಮೂರು ಅಕ್ಕೂರಿನಲ್ಲಿ ಬಸ್ಸಿಳಿದಾಗ ಕೈಯಲ್ಲಿ ಒಂದು ಕಟ್ಟು ಹಳದಿ ಚೀಟಿ ಇತ್ತು. ಊಟದ ಹೊತ್ತಿಗೆ ಮನೆಯಿಡೀ ಅಂಟಿಸಿ ಮುಗಿಸಿದ್ದರು. ಸ್ವಿಚ್ಚಿನ ಮೇಲೆ "ಆರಿಸಿದಿರಾ?", ಟೀವಿಯ ಮೇಲೆ "ಇನ್ನೂ ಸಾಲದೇ?", ಮಿಕ್ಸಿಯ ಮೇಲೆ "ಒರಳು ಇದೆ". ಒರಳು ಇದೆ, ನಿಜ. ರುಬ್ಬುವವಳು ನಾನು ಎಂದು ಬರೆಯಲು ಚೀಟಿಯಲ್ಲಿ ಜಾಗ ಸಾಲಲಿಲ್ಲವೇನೋ.

ನಮ್ಮತ್ತೆ ಗಂಗಲಕ್ಷ್ಮಮ್ಮ ಈ ಚೀಟಿಗಳಿಗೆಲ್ಲ ಸೊಪ್ಪು ಹಾಕಲಿಲ್ಲ. ಅವರು ಸೊಪ್ಪು ಹಾಕುವುದು ರೇಷ್ಮೆ ಹುಳಕ್ಕೆ ಮಾತ್ರ. ಹಿತ್ತಿಲ ಹುಳದ ಮನೆಯಲ್ಲಿ ಅವರು ಹೇಳಿದ್ದೇ ಕಾನೂನು. ಅಂಥವರು ಮಗಳನ್ನು ನೋಡಲು ಎರಡು ದಿನ ಗುಡೇಮಾರನಹಳ್ಳಿಗೆ ಹೊರಟರು. ಹುಳ ಆಗ ಮೂರನೇ ಜ್ವರಕ್ಕೆ ಕೂತಿದ್ದವು, ಅಂದರೆ ಮೇವು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಮಲಗಿದ್ದವು.

"ಹುಷಾರು ಕಣವ್ವ ನಯನಾ. ನಾನು ಬರೋಗಂಟ ಏನೂ ಮುಟ್ಟಬ್ಯಾಡಿ" ಅಂದು ಬಸ್ಸು ಹತ್ತಿದರು.

ಬಸ್ಸು ತಿರುವು ದಾಟಿತೋ ಇಲ್ಲವೋ, ಇವರು ಏಣಿ ತಂದರು. ಹುಳದ ಮನೆಯಲ್ಲಿ ಚಳಿಗಾಲವೆಲ್ಲ ಹಗಲೂ ರಾತ್ರಿ ಉರಿಯುವ, ನೂರು ಕ್ಯಾಂಡಲಿನ ನಾಲ್ಕು ಬಲ್ಬುಗಳಿದ್ದವು. ಅವನ್ನು ಬಿಚ್ಚಿ, ಚಕ್ಕುಲಿಯಂತೆ ಸುತ್ತಿಕೊಂಡ ಸಿಎಫ್‌ಎಲ್ ಹಾಕಿದರು. ಮೀಟರಿನ ಚಕ್ರ ನಿಧಾನವಾದದ್ದು ಕಂಡು ನಾನೂ ಖುಷಿಪಟ್ಟೆ. ಪಿಯುಸಿಯಲ್ಲಿ ಸೈನ್ಸ್ ಓದಿದವಳು ನಾನು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎರಡು ದಿನ ಕಳೆಯಿತು, ಹುಳ ಏಳಲಿಲ್ಲ. ಅತ್ತೆ ಬಂದವರೇ ಚಪ್ಪಲಿ ಬಿಟ್ಟು ಒಳಗೆ ಹೋದರು. ಮೇಲೆ ನೋಡಲೂ ಇಲ್ಲ, ಹುಳದ ತಟ್ಟೆಯ ಮೇಲೆ ಕೈ ಆಡಿಸಿದರು.

"ಏನ್ಲಾ ಇದು? ಬಾವಿಯೊಳಗೆ ಇಳಿದಂಗೈತೆ!"

"ಬೆಳಕು ನೋಡವ್ವ, ಮದ್ಲಿಗಿಂತ ಜಾಸ್ತಿನೇ ಐತೆ. ಕರೆಂಟು ಕಾಲು ಭಾಗನೂ ಸುಡಾಕಿಲ್ಲ" ಅಂದರು ಇವರು, ಎದೆಯುಬ್ಬಿಸಿ.

"ಬೆಳಕು ತಕ್ಕಂಡು ಹುಳ ಏನ್ಲಾ ಮಾಡ್ತವೆ, ಪೇಪರ್ ಓದ್ತವಾ? ಆ ಬಲ್ಬು ಹಾಕಿದ್ದು ಬೆಳಕಿಗಲ್ಲ, ಬಿಸಿಗೆ!"

ಇವರ ಎದೆ ಇಳಿಯಿತು. ಹಳೆಯ ಬಲ್ಬುಗಳನ್ನು ಪುರಾವೆ ಎಂದು ಫ್ಯಾಕ್ಟರಿಗೆ ಕೊಟ್ಟಾಗಿತ್ತು. ಹೊಸದು ಹಾಕಿದರೆ ಸ್ಪರ್ಧೆ ಹೋಯಿತು. ಇನ್ನು ಮೂರು ದಿನಕ್ಕೆ ಮನೆ ನೋಡಲು ಫ್ಯಾಕ್ಟರಿಯ ಮ್ಯಾನೇಜರ್ ಜಯಕುಮಾರ್ ಸರ್ ಬರುವವರಿದ್ದರು. ಇವರು ತಟ್ಟೆಯ ಹುಳದ ಕಡೆ ನೋಡಿದರು. ಆಮೇಲೆ ಗೂಟದಿಂದ ಬೈಕಿನ ಕೀ ತೆಗೆದುಕೊಂಡರು.

"ಫೋಟೋ ಮನೆ ಹಾಳಾಗೋಗ್ಲಿ ಬುಡವ್ವ. ಚನ್ನಪಟ್ಟಣಕ್ಕೆ ಹೋಗಿ ಬಲ್ಬು ತಂದ್ಬುಡ್ತೀನಿ."

ನನಗೆ ಅಯ್ಯೋ ಅನ್ನಿಸಿತು. ಅತ್ತೆಗೂ ಅನ್ನಿಸಿರಬೇಕು.

"ಒಸಿ ನಿಂತ್ಕ" ಅಂದರು. "ನಮ್ಮತ್ತೆ ಕಾಲದಲ್ಲಿ ಯಾವ ಕರೆಂಟಿತ್ತು? ಹೋಗು, ಅಟ್ಟದಾಗಿರೋ ಗೋಣಿಚೀಲ ಎಲ್ಲಾ ಇಳಿಸು."

ಕಿಟಕಿಗಳಿಗೆ ಎರಡೆರಡು ಪದರ ಗೋಣಿ ಕಟ್ಟಿದೆವು. ಹಂಚಿನ ಕೆಳಗೆ ಹಳೆಯ ಕಂಬಳಿ, ಬಾಗಿಲ ಸಂದಿಗೆ ಸುರುಳಿ ಸುತ್ತಿದ ಸೀರೆ, ಗೋಡೆಯ ಬಿರುಕಿಗೆ ಸಗಣಿ ಮಣ್ಣು. ಗಾಳಿಗೆಂದು ಮೇಲಿನ ಒಂದು ಕಿಂಡಿ ಮಾತ್ರ ಬಿಟ್ಟರು. ನಡುವೆ ಹೊಗೆಯಿಲ್ಲದಂತೆ ಕೆಂಪಗೆ ಕಾದ ಇದ್ದಲಿನ ಒಲೆ. ಮರುದಿನ ಬೆಳಗ್ಗೆ ಹುಳ ಒಂದೊಂದಾಗಿ ತಲೆಯೆತ್ತಿದವು. ಸಂಜೆಗೆ ಸೊಪ್ಪು ಕಡಿಯುವ ಸದ್ದು ಜಡಿಮಳೆಯಂತೆ ಕೇಳತೊಡಗಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇದ್ದಲ ಖಾರ ಎಂದರು.

ಜಯಕುಮಾರ್ ಸರ್ ಕ್ಯಾಮೆರಾ ಸಮೇತ ಬಂದರು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದೊಂದೇ ಚೀಟಿ ತೋರಿಸುತ್ತಾ ಹಿತ್ತಿಲಿಗೆ ಕರೆತಂದರು. ಹೊಸಿಲಲ್ಲಿ ಅತ್ತೆ ಅಡ್ಡ ನಿಂತರು.

"ಸೆಂಟು ಹಾಕಿದ್ದೀರಲ್ಲ ಸಾರ್? ಒಳಿಕ್ಕೆ ಬರಂಗಿಲ್ಲ. ಹುಳಕ್ಕೆ ಆಗಾಕಿಲ್ಲ."

ಫ್ಯಾಕ್ಟರಿಯಲ್ಲಿ ನಾನೂರು ಜನರನ್ನು ನಿಲ್ಲಿಸಿ ಮಾತಾಡುವ ಮನುಷ್ಯ ಹೊಸಿಲಾಚೆಯೇ ನಿಂತು, ಕೈ ಮಾತ್ರ ಒಳಗೆ ಚಾಚಿದರು. ಹೊರಗೆ ಮೈ ನಡುಗುವ ಚಳಿ, ಒಳಗೆ ಹದವಾದ ಬಿಸಿ.

"ಹೀಟರ್ ಎಲ್ಲಿಟ್ಟಿದ್ದೀರಮ್ಮಾ?"

"ಹೀಟ್ರೂ ಇಲ್ಲ ಗೀಟ್ರೂ ಇಲ್ಲ. ಒಂದು ಇದ್ದಲು ಒಲೆ. ಬಿಸಿಗೆ ಓಡೋಗಕ್ಕೆ ಸಂದಿ ಬುಟ್ಟಿಲ್ಲ, ಅಷ್ಟೇಯಾ."

ಸರ್ ಜೇಬಿನಿಂದ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡರು. ಆಮೇಲೆ ಹೊಸಿಲಿಂದಲೇ ಫೋಟೋ ತೆಗೆದರು. ಬಾಗಿಲು ಕಿರಿದು. ತಟ್ಟೆ ಹಿಡಿದ ಅತ್ತೆಯ ಪಕ್ಕ ಇವರು ಎಷ್ಟು ಒತ್ತರಿಸಿ ನಿಂತರೂ ಚೌಕಟ್ಟಿನ ಮರ ಅಡ್ಡ ಬರುತ್ತಿತ್ತು.

ಜನವರಿಯಲ್ಲಿ ಬೋರ್ಡಿಗೆ ಫೋಟೋ ಬಂತು. ಸುದ್ದಿ ಕೇಳಿ ಅತ್ತೆ ಗಾಬರಿಯಾದರು. "ಬದುಕಿರೋಳ ಫೋಟೋ ಗೋಡೆಗೆ ಹಾಕವ್ರಾ? ಯಾರಾನಾ ಹೂವಿನ ಹಾರ ಹಾಕ್ಬುಟ್ಟಾರು, ದಿನಾ ಒಸಿ ನೋಡ್ಕಳ್ಲಾ!"

ಇವರು ದಿನಾ ನೋಡಿಕೊಳ್ಳುತ್ತಾರೆ. ಊಟಕ್ಕೆ ಮೊದಲು ಕರ್ಚೀಫಿನಿಂದ ಗಾಜು ಒರೆಸುತ್ತಾರಂತೆ. ಹೊಸಬರು ಯಾರಾದರೂ ಪಕ್ಕ ಕೂತರೆ, "ಅದು ನಮ್ಮವ್ವ" ಎಂದು ಹೇಳಿ, ಅತ್ತೆಯ ಎಡಗಡೆ ಫೋಟೋದ ಅಂಚಿಗೆ ಬೆರಳಿಟ್ಟು ತೋರಿಸುತ್ತಾರಂತೆ. ಅಲ್ಲಿ ಇಸ್ತ್ರಿ ಮಾಡಿದ ಅಂಗಿಯ ಒಂದು ಮೊಣಕೈ ಇದೆ.