ಸಂಸದರಿಗೆ ಮೈಸೂರು ಪೇಟ

ಸೊಸೆ ಅಸ್ಫಿಯಾ ಫೆಡರಲ್ ಸರ್ಕಾರದ ನೌಕರಳು ಎಂದು ಇನಾಯತ್ ಉಲ್ಲಾ ಅಮೆರಿಕದ ಸಮರ್‌ಸೆಟ್‌ನ ತಮ್ಮ ದಿನಸಿ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದರು. ಸರ್ಕಾರಿ ನೌಕರಿಯನ್ನು ಯಾರಪ್ಪ ಬಂದರೂ ಅಲ್ಲಾಡಿಸಲಾಗದು ಎಂಬುದು ಮೈಸೂರಿನಿಂದ ಕಟ್ಟಿಕೊಂಡು ಬಂದ ನಂಬಿಕೆ. ತನ್ನದು ಕಾಯಂ ಹುದ್ದೆಯಲ್ಲ, ಬಜೆಟ್ಟಿನಲ್ಲಿ ಹಣ ಇಟ್ಟರಷ್ಟೇ ಉಳಿಯುತ್ತದೆ ಎಂದು ಅವಳು ಹೇಳಿ ಹೇಳಿ ಸುಸ್ತಾಗಿದ್ದಳು.

ಮಾರುಕಟ್ಟೆ ಮಗುಚಿದಾಗ ಗಂಡ ಮಾಜ್‌ನ ಬ್ಯಾಂಕ್ ಕೆಲಸ ಹೋಗಿತ್ತು. ಮನೆ ನಡೆಯುತ್ತಿದ್ದದ್ದು, ಮಗಳು ಝೋಯಾಳ ಆಸ್ತಮಾಕ್ಕೆ ಔಷಧಿ ಸಿಗುತ್ತಿದ್ದದ್ದು ಅಸ್ಫಿಯಾಳ ಕೆಲಸದಿಂದ, ಅದರ ಇನ್ಶೂರೆನ್ಸಿನಿಂದ.

ಅಷ್ಟರಲ್ಲಿ, ಬಜೆಟ್ ಕೊರತೆ ತಗ್ಗಿಸುತ್ತೇನೆಂದು ಗೆದ್ದಿದ್ದ ಸಂಸದರಿಗೆ ಊರಿನ ಭಾರತೀಯರು ಸನ್ಮಾನ ಇಟ್ಟುಕೊಂಡರು. ಪೇಟ ತೊಡಿಸುವ ಭಾಗ್ಯ ಇನಾಯತ್ ಉಲ್ಲಾ ಅವರದು. ಹಾಗೇ ಅವರ ಕಿವಿಗೆ ಸೊಸೆಯ ವಿಷಯ ಹಾಕಿಬಿಡುತ್ತೇನೆ ಎಂದರು.

"ಅಬ್ಬಾ, ಇದು ಎಂಎಲ್‌ಎ ಮನೆ ಬಾಗಿಲಲ್ಲ," ಎಂದಳು ಅಸ್ಫಿಯಾ ಮಾವನಿಗೆ. " ಅವರು ಓಟ್ ಹಾಕೋದೇ ನಮ್ಮಂಥೋರ ಪೋಸ್ಟ್ ತೆಗೆಯೋಕೆ."

"ಎಲ್ಲಾ ಕಡೆ ಮನುಷ್ಯರೇ ಕಣಮ್ಮ. ತಲೆಗೆ ಪೇಟ ಇಟ್ಟವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ."

ಸನ್ಮಾನದ ದಿನ ಆ ಮನುಷ್ಯ ಪೇಟ ತೊಟ್ಟ, ಕಿವಿಗೊಟ್ಟು ಕೇಳಿದ, ನಿಮ್ಮ ಸೊಸೆಯ ಸೇವೆಗೆ ಧನ್ಯವಾದ ಎಂದು ಕೈ ಕುಲುಕಿದ. ಕೆಲಸ ಆಯಿತೆಂದು ಇನಾಯತ್ ಉಲ್ಲಾ ವೇದಿಕೆಯಿಂದಲೇ ಅವಳಿಗೆ ಸನ್ನೆ ಮಾಡಿದರು. ಆಮೇಲೆ ಭಾಷಣ. ಮನೆಯಲ್ಲಿ ವರಮಾನ ಕಡಿಮೆಯಾದರೆ ನೀವು ಖರ್ಚು ಇಳಿಸುವುದಿಲ್ಲವೇ, ಸರ್ಕಾರ ಮಾತ್ರ ಕೆಲಸವಿಲ್ಲದವರನ್ನು ಸಾಕಬೇಕೇ ಎಂದು ಕೇಳಿದ. ಡಾಕ್ಟರುಗಳು, ಐಟಿಯವರು, ಮೋಟೆಲ್ ಮಾಲೀಕರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದರು. ಅಸ್ಫಿಯಾ ಕೈ ಕಟ್ಟಿಕೊಂಡೇ ಕೂತಳು. ಕಚೇರಿಯಲ್ಲಿ ಅಂಗವಿಕಲರ ಭತ್ಯೆಯ ಅರ್ಜಿಗಳನ್ನು ಓದಿ ಓದಿ ಕಣ್ಣು ಕೆಡಿಸಿಕೊಂಡವಳು ಅವಳು, ಅವಳಿಗೆ ಕೆಲಸವಿಲ್ಲವಂತೆ!

ಸರ್ಕಾರದ ಖರ್ಚು ಕಡಿತದ ಮಸೂದೆ ಪಾಸಾಯಿತು, ಪೇಟ ತೊಟ್ಟ ತಲೆಯೂ ಅದಕ್ಕೆ ಹೂಂ ಅಂದಿತ್ತು. ಅಸ್ಫಿಯಾಳ ನೇಮಕದ ಅವಧಿ ಮುಗಿದಾಗ ಕಚೇರಿ ಅದನ್ನು ಮುಂದುವರಿಸಲಿಲ್ಲ. ಅವಳ ಮೇಜಿನ ಅರ್ಜಿಗಳು ಪಕ್ಕದ ಮೇಜಿಗೆ ಹೋದವು, ಅರ್ಜಿದಾರರು ಇನ್ನಷ್ಟು ತಿಂಗಳು ಕಾಯುವಂತಾಯಿತು.

ಈಗ ಅವಳು ಮಾವನ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ತಲೆಯ ಮೇಲೆ, ಕಟ್ಟು ಹಾಕಿಸಿದ ಫೋಟೋದಲ್ಲಿ, ಪೇಟ ತೊಟ್ಟ ಸಂಸದ ನಗುತ್ತಿದ್ದಾನೆ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟಳು.

"ಅದನ್ನ ತೆಗೆದುಬಿಡಿ ಅಬ್ಬಾ."

ಇನಾಯತ್ ಉಲ್ಲಾ ಅಕ್ಕಿ ಮೂಟೆ ಜೋಡಿಸುತ್ತಾ ತಲೆ ಎತ್ತಲಿಲ್ಲ.

"ಇರಲಿ ಬಿಡಮ್ಮ. ಎಲೆಕ್ಷನ್‌ಗೆ ಮತ್ತೆ ಬರ್ತಾರಲ್ಲ, ಮಾಜ್‌ಗೊಂದು ಕೆಲಸ ಕೇಳಿ ನೋಡ್ತೀನಿ."