ಓದದೆ ಬಿಟ್ಟ ಸಾಲು

ಸೆವರ್ನ್ ನದಿಯ ಬಯಲಿನಲ್ಲಿ ಸೆಪ್ಟೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಹುಲ್ಲುಗಾವಲುಗಳು, ಎಲ್ಮ್ ಮರಗಳ ಸಾಲು, ದೂರದ ಚರ್ಚಿನ ಗೋಪುರ ಎಲ್ಲವೂ ಆ ಶುಭ್ರ ನೀರವತೆಯಲ್ಲಿ ಮುಳುಗಿ, ತುಟಿಯವರೆಗೆ ಬಂದು ಅಲ್ಲಿಯೇ ಉಳಿದುಹೋದ ಮಾತುಗಳಂತೆ ಅಸ್ಪಷ್ಟವಾಗಿ ನಿಂತಿದ್ದವು. ಆಗಾಗ ಮೋಡದ ಮರೆಯಿಂದ ಇಳಿದ ಕ್ಷೀಣಕಿರಣವೊಂದು ತೋಟದ ಇಟ್ಟಿಗೆ ಗೋಡೆಯ ಮೇಲಿನ ಕೊನೆಯ ಗುಲಾಬಿಗಳನ್ನು ಮೃದುವಾಗಿ ತಡವಿ, ತನ್ನ ಧೈರ್ಯಕ್ಕೆ ತಾನೇ ನಾಚಿದಂತೆ ಹಿಂದೆ ಸರಿಯುತ್ತಿತ್ತು... ಬೆಳಕಿಗೂ ಹೀಗೆ ಹಿಂಜರಿಕೆಯಾಗುವುದುಂಟೆ! ಉಂಟು, ಸಹೃದಯರೇ. ತಪ್ಪು ಮಾಡಿದ ಮನಸ್ಸು ನೋಡುವಾಗ ಬೆಳಕೂ ತಲೆತಗ್ಗಿಸಿಕೊಂಡೇ ಬರುತ್ತದೆ.

ಥೊರೊಲ್ಡ್ ಮನೆತನದ ಹಿರಿಯ ಮಗಳು ಹೊನೋರಿಯಾ ಅಂದು ಉಪಾಹಾರದ ಕೋಣೆಯ ಕಿಟಕಿಯಲ್ಲಿ ನಿಂತು ಆ ಬೆಳಕನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ಆಗತಾನೆ ಬಂದ ಪತ್ರವಿತ್ತು. ತಮ್ಮ ಎಡ್ಮಂಡ್ ಮಾಲ್ಟಾ ದ್ವೀಪದ ಸೇನಾಠಾಣ್ಯದಿಂದ ಬರೆದದ್ದು. ತಂದೆಯ ಕಣ್ಣಿಗೆ ಪೊರೆ ಬಂದ ಮೇಲೆ ಪತ್ರಗಳನ್ನು ಗಟ್ಟಿಯಾಗಿ ಓದುವವಳು ಅವಳೇ, ಮನೆಯವರೆಲ್ಲರ ಪರವಾಗಿ ಉತ್ತರ ಬರೆಯುವವಳೂ ಅವಳೇ. ಆ ಮನೆಯಲ್ಲಿ ಪತ್ರವೆಂದರೆ ಒಬ್ಬರ ಸ್ವತ್ತಲ್ಲ, ಇಡೀ ಮೇಜಿನದು.

ತಂಗಿ ಅರಬೆಲ್ಲಾಳ ಪ್ರೀತಿಯೂ ಆ ಮೇಜಿನ ಮೇಲೆಯೇ ಬಂದಿಳಿಯಬೇಕಿತ್ತು! ನಿಶ್ಚಿತಾರ್ಥವಾಗದ ಹೆಣ್ಣಿಗೆ ಪರಪುರುಷ ಪತ್ರ ಬರೆಯುವಂತಿರಲಿಲ್ಲ. ಅವಳೂ ಅವನಿಗೆ ಬರೆಯುವಂತಿರಲಿಲ್ಲ. ಎಡ್ಮಂಡನ ಗೆಳೆಯ ಕ್ಯಾಪ್ಟನ್ ಆರ್ಡೆನ್ ಹಿಂದಿನ ವರ್ಷ ವಸಂತವಿಡೀ ಈ ಮನೆಯಲ್ಲಿ ಅತಿಥಿಯಾಗಿದ್ದು, ತೋಟದ ಗೋಡೆಯ ಬಿರುಕಿನಲ್ಲಿ ಪುಟ್ಟ ಹಕ್ಕಿಯೊಂದು ಗೂಡು ಕಟ್ಟುವುದನ್ನು ಅರಬೆಲ್ಲಾಳ ಜೊತೆ ಉಸಿರು ಬಿಗಿಹಿಡಿದು ನೋಡಿ ಹೋಗಿದ್ದ. ಈಗ ಅವನಿಗೆ ಉಳಿದಿದ್ದದ್ದು ಒಂದೇ ದಾರಿ: ಎಡ್ಮಂಡನ ಪತ್ರದ ಕೊನೆಯಲ್ಲಿ ಬರುವ ‘ಆರ್ಡೆನ್ ಅರಬೆಲ್ಲಾಳನ್ನು ನೆನೆಯುತ್ತಾನೆ’ ಎಂಬ ಉಪಚಾರದ ಸಾಲು. ಎರಡು ಹೃದಯಗಳ ನಡುವೆ ಒಂದು ಸಾಲಿನ ಅಗಲದ ಸೇತುವೆ... ಆ ಸೇತುವೆಯ ಕಾವಲು ಹೊನೋರಿಯಾಳದು.

ಈಸ್ಟರ್ ಹೊತ್ತಿಗೆ ಬಂದ ಪತ್ರದಲ್ಲಿ ಆ ಸಾಲು ಬಿಟ್ಟುಹೋದದ್ದು ಕೇವಲ ಕಣ್ತಪ್ಪಾಗಿತ್ತು. ಕಾಗದ ಉಳಿಸಲೆಂದು ಎಡ್ಮಂಡ್ ಬರೆದ ಪುಟವನ್ನೇ ಅಡ್ಡ ತಿರುಗಿಸಿ, ಮೊದಲ ಸಾಲುಗಳ ಮೇಲೆ ಮತ್ತೆ ಬರೆದಿದ್ದ. ಆ ಅಕ್ಷರಗಳ ಬೇಲಿಯಲ್ಲಿ ಕೊನೆಯ ಸಾಲು ಅಡಗಿಹೋಗಿತ್ತು. ಕೋಣೆಗೆ ಹೋಗಿ ಮತ್ತೆ ಬಿಡಿಸಿದಾಗ ಕಂಡಿತು. ಕೆಳಗಿಳಿದು ಹೇಳಬಹುದಿತ್ತು. ಹೇಳಲಿಲ್ಲ. ಬೇಸಿಗೆಯ ಪತ್ರದಲ್ಲಿ ಕಣ್ಣಿಗೆ ಸ್ಪಷ್ಟವಾಗಿಯೇ ಕಂಡಿತು, ತುಟಿ ಮುಚ್ಚಿಕೊಂಡಿತು. ‘ಅಷ್ಟೇನಾ ಅಕ್ಕ?’ ಎಂದಿದ್ದಳು ಅರಬೆಲ್ಲಾ. ‘ಅಷ್ಟೇ’ ಎಂದಿದ್ದಳು ಇವಳು. ಅಂದಿನಿಂದ ಆ ಎರಡಕ್ಷರ ಅವಳ ಎದೆಯಲ್ಲಿ, ಮಳೆ ನಿಂತ ಮೇಲೂ ಸೂರಿನಿಂದ ತೊಟ್ಟಿಕ್ಕುವ ಹನಿಯಂತೆ, ಬಿಡದೆ ಬೀಳುತ್ತಿತ್ತು.

ಇಂದು ಮಧ್ಯಾಹ್ನ ನೆರೆಯ ಜಮೀನ್ದಾರ, ವಿಧುರ ಗ್ರೈಸ್ ಬರುವವರಿದ್ದರು. ಅರಬೆಲ್ಲಾ ಅವರಿಗೆ ಒಪ್ಪಿಗೆ ಕೊಡುವಳೆಂದು ಮನೆಗೆಲ್ಲ ಗೊತ್ತಿತ್ತು. ಈ ಪತ್ರದ ಸಾಲನ್ನಾದರೂ ಓದಿಯೇ ಓದುತ್ತೇನೆಂದು ಹೊನೋರಿಯಾ ನಿಶ್ಚಯಿಸಿದ್ದಳು.

"ಯಾಕೇ ಅರಬೆಲ್ಲಾ, ಆ ಬೂದು ಗೌನು ಹಾಕ್ಕೊಂಡಿದೀಯ?" ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಸೋದರತ್ತೆ ಡೊರೊಥಿಯಾ ಶುರುಮಾಡಿದಳು. "ಗ್ರೈಸ್ ಬರೋದು ಮದುವೆ ಮಾತಿಗೆ, ಸಾವಿನ ಮನೆಗಲ್ಲ."

"ಅವರ ಮೊದಲ ಹೆಂಡತಿಗೆ ಬೂದು ಬಣ್ಣ ಅಂದ್ರೆ ಇಷ್ಟ ಇತ್ತಂತೆ ಅತ್ತೆ. ಹೊಂದ್ಕೊಂಡು ಹೋಗೋದು ಈಗ್ಲಿಂದ್ಲೇ ಕಲೀಬೇಕಲ್ಲ."

"ನೋಡಿದ್ಯಾ ಇವಳ ನಾಲಿಗೆ! ಹೊನೋರಿಯಾ, ಓದು. ಏನಂತೆ ನಮ್ಮ ದಂಡನಾಯಕರು? ಅದೇ ಬಿಸಿಲು, ಅದೇ ನೊಣ ಇರುತ್ತೆ."

"ನೀನು ಸುಮ್ನಿರು ಡೊರೊಥಿಯಾ," ಎಂದರು ತಂದೆ, ಪತ್ರದ ಸದ್ದಿನತ್ತ ಮುಖ ತಿರುಗಿಸಿ. "ನಿಧಾನಕ್ಕೆ ಓದಮ್ಮ. ಅವನೇ ಇಲ್ಲಿ ಕೂತು ಮಾತಾಡಿದ ಹಾಗಿರ್ಬೇಕು."

ಹೊನೋರಿಯಾ ಓದಿದಳು. ಬಿಸಿಲಿತ್ತು, ನೊಣಗಳಿದ್ದವು, ಕುಂಟುವ ಕುದುರೆಯೊಂದಿತ್ತು. ಅತ್ತೆ ನಕ್ಕಳು. ಪುಟ ಅಡ್ಡ ತಿರುಗಿತು. ಅವಳ ಕಣ್ಣು ಮಾತಿಗಿಂತ ಮುಂದೆ ಓಡಿ ಕೊನೆಯನ್ನು ಮುಟ್ಟಿತು... ಅಲ್ಲಿ ಎಡ್ಮಂಡನ ಹೆಸರಿತ್ತು. ಅದರಾಚೆ ಬರೀ ಬಿಳಿಯ ಕಾಗದ!

ಆರ್ಡೆನ್ ಕೇಳುವುದನ್ನೇ ನಿಲ್ಲಿಸಿದ್ದ.

ಇನ್ನು ಮುಚ್ಚಿಡಲು ಏನೂ ಇಲ್ಲ. ಯಾರಿಗೂ ಎಂದೂ ತಿಳಿಯುವುದಿಲ್ಲ. ಎಂಥ ನಿರಾಳತೆ! ಆದರೆ ಆ ನಿರಾಳತೆಯೇ ಹಿಮದಂತೆ ಅವಳನ್ನು ಕೊರೆಯಿತು. ದೂರದ ಸಮುದ್ರತೀರದಲ್ಲಿ ಮನುಷ್ಯನೊಬ್ಬ ತನ್ನ ಆಸೆಯ ದೀಪವನ್ನು ಸದ್ದಿಲ್ಲದೆ ತಾನೇ ಆರಿಸಿಕೊಂಡಿದ್ದ. ಅದಕ್ಕೆ ಬೀಸಿದ ಗಾಳಿ ಇವಳ ಮೌನ!

"ಅಷ್ಟೇನಾ ಅಕ್ಕ?" ಅರಬೆಲ್ಲಾ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ಇದರಲ್ಲಿ ಅಷ್ಟೇ." ಹೊನೋರಿಯಾ ಪತ್ರವನ್ನು ಕಣ್ಣಿನಿಂದ ಕೆಳಗಿಳಿಸಿದಳು. "ಈಸ್ಟರ್ ಪತ್ರದಲ್ಲಿ ಇನ್ನೊಂದು ಸಾಲಿತ್ತು. ನಾನು ಓದ್ಲಿಲ್ಲ. ‘ಗೋಡೆಯ ಗೂಡಿಗೆ ಈ ವರ್ಷವೂ ಹಕ್ಕಿ ಬಂದಿತೇ ಎಂದು ಆರ್ಡೆನ್ ಅರಬೆಲ್ಲಾಳನ್ನು ಕೇಳುತ್ತಾನೆ.’ ಬೇಸಿಗೆ ಪತ್ರದಲ್ಲೂ ಇತ್ತು. ‘ಉತ್ತರ ಬರಲಿಲ್ಲವಾದ್ದರಿಂದ, ಕೇಳಿದ್ದೇ ತಪ್ಪಾಯಿತೇ ಎಂದು ಕೇಳುತ್ತಾನೆ.’"

ಅತ್ತೆಯ ಚಮಚ ಬಟ್ಟಲಿನಲ್ಲೇ ನಿಂತಿತು. ತಂದೆ ನೋವಿನಿಂದ ಮೆಲ್ಲಗೆ ಅಂದರು: "ನನಗೆ ಕಣ್ಣು ಅಂತ ಇದ್ದಿದ್ದು ನಿನ್ನ ದನಿ ಒಂದೇ, ಮಗಳೇ."

"ಯಾಕೆ ಅಕ್ಕ?" ಅರಬೆಲ್ಲಾಳ ಮುಖ ಗೌನಿನಷ್ಟೇ ಬೂದಾಗಿತ್ತು.

"ನೀನು ಹೋಗ್ಬಿಡ್ತೀಯ ಅಂತ... ಇನ್ನೊಂದು ಕಾರಣಾನೂ ಇದೆ. ಅದನ್ನ ಹೇಳೋಕೆ ನಾಚಿಕೆ."

ಆ ಇನ್ನೊಂದು ಕಾರಣ ಇಷ್ಟೇ: ಯಾವ ಪತ್ರದ ಕೊನೆಯ ಸಾಲೂ ಎಂದೂ ಹೊನೋರಿಯಾಳ ಹೆಸರನ್ನು ಹಿಡಿದು ಬಂದಿರಲಿಲ್ಲ.

ಅರಬೆಲ್ಲಾ ಎದ್ದು ಬಂದು ಅಕ್ಕನ ಕೈಯಿಂದ ಪತ್ರ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಅದೇ ಹೆಚ್ಚು ನೋಯಿಸಿತು. "ಅತ್ತೆ, ಗ್ರೈಸ್ ಅವರಿಗೆ ಈಗ್ಲೇ ಚೀಟಿ ಕಳಿಸ್ತೀನಿ, ಬರೋ ಶ್ರಮ ಬೇಡ ಅಂತ. ಎಡ್ಮಂಡ್‌ಗೆ ಉತ್ತರಾನೂ ನಾನೇ ಬರೀತೀನಿ. ಇನ್ಮೇಲೆ ಈ ಮನೇಲಿ ಪತ್ರ ಓದೋದು ನಾನು."

"ಅಯ್ಯೋ, ಪಾಪ ಗ್ರೈಸ್! ಹೊಸ ಪರದೆ ಬೇರೆ ಹಾಕ್ಸಿದ್ರು," ಎಂದಳು ಅತ್ತೆ. ಯಾರೂ ನಗಲಿಲ್ಲ.

ಎಲ್ಮ್ ಎಲೆಗಳು ಉದುರಿದವು. ಬಯಲು ಹಿಮ ಹೊದ್ದಿತು. ಅಕ್ಕತಂಗಿಯರ ನಡುವೆ ಮಾತಿತ್ತು, ಆದರೆ ಅದು ಕಿಟಕಿಯ ಗಾಜಿನಾಚೆಯ ಬಿಸಿಲಿನಂತೆ, ಬೆಳಕಿದ್ದೂ ಬಿಸಿಯಿಲ್ಲದ್ದು. ಕ್ರಿಸ್‌ಮಸ್ ಕಳೆದ ಮೇಲೆ ಮಾಲ್ಟಾದ ಪತ್ರ ಬಂತು. ಹೊನೋರಿಯಾ ಅಂದು ಚಹಾ ಬಗ್ಗಿಸುವವಳು ಮಾತ್ರ. ಅರಬೆಲ್ಲಾ ಓದಿದಳು. ಕೊನೆಗೆ ಬಂದಾಗ ಅವಳ ಸ್ವರ ಮೊಗ್ಗು ಬಿರಿದಂತೆ ಮೃದುವಾಯಿತು: "‘ಗೂಡಿಗೆ ಹಕ್ಕಿ ಬಂದಿತ್ತೆಂದು ತಿಳಿದು ಆರ್ಡೆನ್ ಮೂರ್ಖನಂತೆ ನಗುತ್ತಿದ್ದಾನೆ. ವಸಂತಕ್ಕೆ ರಜೆ ಪಡೆದು ತಾನೇ ಬಂದು ನೋಡುತ್ತಾನಂತೆ.’"

ಅವಳು ಒಂದು ಕ್ಷಣ ತಡೆದಳು. ಆಮೇಲೆ ಕಾಗದದಿಂದ ಕಣ್ಣೆತ್ತದೆ ಓದಿದಳು: "‘ಹೊನೋರಿಯಾಳಿಗೂ ತನ್ನ ನೆನಪು ಹೇಳಬೇಕೆಂದು ಕೇಳಿದ್ದಾನೆ.’"

ಹೊನೋರಿಯಾ ಕೈಯ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಆ ಸಾಲು ಕಾಗದದ ಮೇಲಿತ್ತೋ, ತಂಗಿಯ ತುಟಿಯಲ್ಲಿ ಆಗಲೇ ಹುಟ್ಟಿತೋ! ಮೇಜಿನ ಮೇಲೆ ಪತ್ರ ತೆರೆದೇ ಬಿದ್ದಿತ್ತು, ಕೈಚಾಚಿದರೆ ಸಾಕಿತ್ತು. ಅವಳು ಚಾಚಲಿಲ್ಲ, ಅಂದೂ, ಮುಂದೆಂದೂ...

ಅಪರಾಧಿಗೆ ಶಿಕ್ಷೆಯನ್ನು ಹೊರುವ ಶಕ್ತಿ ಹೇಗೋ ಬರುತ್ತದೆ, ಸಹೃದಯರೇ. ತನಗೆ ಸಲ್ಲದೆಂದು ತಿಳಿದೂ, ತಾನಾಗಿ ಬಂದ ಪ್ರೀತಿಯನ್ನು ತಲೆಬಾಗಿ ತೆಗೆದುಕೊಳ್ಳುವುದಿದೆಯಲ್ಲ, ಅದು ಮಾತ್ರ ಹೃದಯವನ್ನು ಇಡಿಯಾಗಿ ಕರಗಿಸಿಬಿಡುತ್ತದೆ. ಬಯಲಿನ ಹಿಮವನ್ನು ಮೊದಲ ಬಿಸಿಲು ಕರಗಿಸುವಂತೆ, ಮೆಲ್ಲಗೆ, ಸದ್ದಿಲ್ಲದೆ.